ಮಾತಿಲ್ಲದ ಕತೆಗಾರ, ಮೈಸೂರಿನ ಕೇಳುಗ

ನನ್ನ ಅಬ್ಬಾ ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದರು. ಬಟವಾಡೆಯ ದಿನ ಅವರ ಜತೆ ನಾನೂ ತೋಟದ ಬಂಗಲೆಗೆ ಹೋಗುತ್ತಿದ್ದೆ. ಅಲ್ಲಿ ಒಂದು ಪಿಯಾನೋ ಇತ್ತು. ಬಿಳಿ ದೊರೆಗಳು ಬಿಟ್ಟುಹೋದದ್ದು. ಅದರ ಮೇಲೆ ಚೆಕ್‌ರೋಲ್ ಪುಸ್ತಕಗಳನ್ನೂ ಮೈಲುತುತ್ತದ ಲೆಕ್ಕದ ಹಾಳೆಗಳನ್ನೂ ಪೇರಿಸಿಟ್ಟಿರುತ್ತಿದ್ದರು. ಒಂದು ಸಲ ಯಾರೂ ಇಲ್ಲದಾಗ ಮುಚ್ಚಳ ಎತ್ತಿ ಒಂದು ಬಿಳಿ ಕೀಲಿ ಒತ್ತಿದೆ. ಸ್ವರ ಬರಲಿಲ್ಲ. ಒಳಗೆಲ್ಲೋ ಮರಕ್ಕೆ ಮರ ಬಡಿದ ಹಾಗೆ ‘ದಬ್’ ಎಂದಿತು. ಎಷ್ಟೋ ಮಳೆಗಾಲಗಳನ್ನು ಕಂಡು ಅದರ ಮರ ಉಬ್ಬಿಹೋಗಿತ್ತು, ತಂತಿಗಳಿಗೆ ತುಕ್ಕು ಹಿಡಿದಿತ್ತು. ಬಹಳ ಕಾಲ ನನ್ನ ಪಾಲಿಗೆ ಪಿಯಾನೋ ಎಂದರೆ ಅಷ್ಟೇ: ದೊರೆಗಳ ಸಾಮಾನು, ನಮಗೆ ಸಂಬಂಧಪಡದ್ದು, ಮೂಕವಾದದ್ದು.

ಈ ಎಣಿಕೆ ತಪ್ಪೆಂದು ತಿಳಿಯಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತ ರಚನಕಾರನ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಮೊದಲ ಸಲ ಕೇಳಿದಾಗ ಅದರ ವಿವರಗಳನ್ನೂ ಓದಿದೆ. ಆ ಕೃತಿಯನ್ನು ಅರ್ಪಿಸಿರುವುದು ಮೈಸೂರಿನ ಮಹಾರಾಜರಿಗೆ. ಜಯಚಾಮರಾಜ ಒಡೆಯರು ನಮ್ಮಲ್ಲಿ ಹೆಚ್ಚಿನವರಿಗೆ ದಸರೆಯ ಅಂಬಾರಿಯ ಮೇಲೆ ಕುಳಿತ ಕಡೆಯ ಅರಸರಾಗಿ ಗೊತ್ತು. ಕರ್ನಾಟಕ ಸಂಗೀತ ಬಲ್ಲವರಿಗೆ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರಾಗಿ ಗೊತ್ತು. ಅದೇ ಒಡೆಯರು ಲಂಡನ್ನಿನ ಒಂದು ಮನೆಯಲ್ಲಿ ಬಡತನದಲ್ಲಿ, ಕಾಯಿಲೆಯಲ್ಲಿ ಮರೆತುಹೋಗುತ್ತಿದ್ದ ಒಬ್ಬ ಮುದುಕನ ಸಂಗೀತವನ್ನು ಉಳಿಸಿದರು ಎಂಬುದು ಸಂಗೀತ ಬಲ್ಲವರಲ್ಲೇ ಸುತ್ತಾಡುವ ಸಂಗತಿಯಾಗಿ ಉಳಿದಿದೆ. ಉಳಿಸಿದ್ದು ನಿಜಕ್ಕೂ ಉಳಿಸತಕ್ಕ ಸಂಗೀತವೇ? ಅದಕ್ಕೆ ನಮ್ಮ ನಾಡಿನ ಹಣ ಸಂದದ್ದು ಸರಿಯೇ? ಈ ಎರಡು ಪ್ರಶ್ನೆಗಳನ್ನು ಜತೆಯಾಗಿ ಕೇಳಿಕೊಳ್ಳಬೇಕು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ. ನಾನು ಸಂಗೀತಶಾಸ್ತ್ರ ಓದಿದವನಲ್ಲ. ಕತೆ ಬರೆಯುವವನು. ನನ್ನ ಕಿವಿ ಕತೆಗಾರನ ಕಿವಿ.

ಮೆಟ್ನರ್ ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ಮನೆತನ ಜರ್ಮನ್ ಮೂಲದ್ದು. 1900ರಲ್ಲಿ ಮಾಸ್ಕೋದ ಸಂಗೀತ ಶಾಲೆಯಿಂದ ಚಿನ್ನದ ಪದಕದೊಂದಿಗೆ ಹೊರಬಂದ. ಊರೂರು ಸುತ್ತಿ ಪಿಯಾನೋ ನುಡಿಸಿ ಹೆಸರು ಮಾಡಬಹುದಿತ್ತು. ಆತ ಆರಿಸಿಕೊಂಡದ್ದು ರಚನೆಯನ್ನು. ಬರೆದ ಪ್ರತಿಯೊಂದು ಕೃತಿಯಲ್ಲೂ ಪಿಯಾನೋ ಇದೆ. 14 ಪಿಯಾನೋ ಸೊನಾಟಾಗಳು, ಮೂರು ಕಾನ್ಸರ್ಟೊಗಳು, ಪಿಟೀಲು ಮತ್ತು ಪಿಯಾನೋ ಜತೆಯಾಗುವ ಮೂರು ಸೊನಾಟಾಗಳು, ಪುಷ್ಕಿನ್ ಮತ್ತು ಗಯಟೆಯ ಕವಿತೆಗಳಿಗೆ ಹಾಕಿದ ರಾಗಗಳೂ ಸೇರಿ ನೂರಕ್ಕೂ ಹೆಚ್ಚು ಹಾಡುಗಳು. ಇವೆಲ್ಲದರ ನಡುವೆ ‘ಸ್ಕಾಜ್ಕಾ’ ಎಂದು ಆತ ಕರೆದ 38 ಸಣ್ಣ ಪಿಯಾನೋ ರಚನೆಗಳು.

19ನೆಯ ಶತಮಾನದ ಯುರೋಪಿನಲ್ಲಿ ಶೋಪೆನ್, ಶೂಮನ್, ಲಿಸ್ಟ್ ಮೊದಲಾದವರು ಪಿಯಾನೋವನ್ನು ಒಂಟಿ ಮನಸ್ಸಿನ ವಾದ್ಯವನ್ನಾಗಿ ಮಾಡಿದ್ದರು. ಅದನ್ನೇ ರೊಮ್ಯಾಂಟಿಕ್ ಯುಗ ಎನ್ನುವುದು. ನಮ್ಮ ನವೋದಯದ ಕವಿಗಳಿಗೆ ಇಂಗ್ಲಿಷಿನ ರಮ್ಯ ಕವಿಗಳು ತೋರಿಸಿದ ದಾರಿ ಇದರದೇ ಒಡಹುಟ್ಟು. ಮೆಟ್ನರ್ ಆ ಯುಗಕ್ಕೆ ತಡವಾಗಿ ಬಂದ ಅತಿಥಿ. ಆತ ಬರೆಯಲು ಕೂರುವ ಹೊತ್ತಿಗೆ ಔತಣ ಮುಗಿಯುತ್ತಿತ್ತು. ಸ್ಟ್ರಾವಿನ್ಸ್ಕಿ, ಶೋನ್‌ಬರ್ಗ್ ಮುಂತಾದವರು ಹಳೆಯ ಸ್ವರಬಂಧಗಳನ್ನು ಒಡೆಯತೊಡಗಿದ್ದರು. ಮೆಟ್ನರ್ ಒಡೆಯಲಿಲ್ಲ. ತನ್ನ 71 ವರ್ಷಗಳ ಬದುಕಿನುದ್ದಕ್ಕೂ ಹಳೆಯ ಭಾಷೆಯಲ್ಲೇ ಬರೆದ.

ಈಗ ‘ಸ್ಕಾಜ್ಕಾ’ ಎಂಬ ಪದಕ್ಕೆ ಬರುತ್ತೇನೆ. ಇಂಗ್ಲಿಷಿನವರು ಅದನ್ನು ಕಿನ್ನರಿ ಕತೆ ಎಂದು ಅನುವಾದಿಸಿದರು. ಕೇಳುಗರು ಚಿಟ್ಟೆ, ರೆಕ್ಕೆ, ಬೆಳದಿಂಗಳನ್ನು ನಿರೀಕ್ಷಿಸಿದರು. ರಷ್ಯನ್ ಭಾಷೆಯಲ್ಲಿ ಆ ಪದ ‘ಹೇಳು’ ಎಂಬರ್ಥದ ಕ್ರಿಯಾಪದದಿಂದ ಬಂದದ್ದು. ಉರ್ದುವಿನಲ್ಲಿ ‘ಕಹನಾ’ ಮತ್ತು ‘ಕಹಾನಿ’ ಇವೆಯಲ್ಲ, ಹಾಗೆ. ಹೇಳಿದ್ದೇ ಕತೆ. ಇದನ್ನು ತಿಳಿದ ಮೇಲೆ ಆ ರಚನೆಗಳು ನನಗೆ ಬೇರೆಯಾಗಿ ಕೇಳಿಸತೊಡಗಿದವು. ಅವುಗಳಲ್ಲಿ ಕಿನ್ನರಿಯರು ಕಡಿಮೆ. ಕಾಡಿನ ಭೂತ ಒಂದರಲ್ಲಿದೆ, ಪುಷ್ಕಿನ್ನನ ಬಡ ಯೋಧ ಇನ್ನೊಂದರಲ್ಲಿ, ಷೇಕ್ಸ್‌ಪಿಯರನ ಒಫೀಲಿಯಾ ಮತ್ತೊಂದರಲ್ಲಿ. 1928ರ ಒಂದು ಗುಚ್ಛವನ್ನು ಸಿಂಡ್ರೆಲಾಳಿಗೂ ರಷ್ಯನ್ ಜಾನಪದದ ಪೆದ್ದ ಇವಾನನಿಗೂ ಅರ್ಪಿಸಿದ್ದಾನೆ. ಆದರೆ ಪಾತ್ರಗಳು ಮುಖ್ಯವಲ್ಲ. ಪ್ರತಿಯೊಂದರಲ್ಲೂ ಒಂದು ಹೇಳುವ ದನಿ ಇದೆ. ಅದು ತೊದಲುತ್ತದೆ, ಅವಸರಿಸುತ್ತದೆ, ಹೇಳಿದ್ದನ್ನೇ ಮತ್ತೆ ಹೇಳುತ್ತದೆ, ನಡುವೆ ತಡೆದು ಕೇಳುಗನ ಮುಖ ನೋಡುತ್ತದೆ.

ನಮ್ಮ ನಾನಿ ಕಿಸ್ಸಾ ಹೇಳುತ್ತಿದ್ದದ್ದು ಹೀಗೆಯೇ. ಕಳಸದ ಕಡೆಯ ಅವರ ಮನೆಯಲ್ಲಿ ಆಷಾಢದ ಮಳೆ ಹಿಡಿದರೆ ವಾರಗಟ್ಟಲೆ ಬಿಡುತ್ತಿರಲಿಲ್ಲ. ಒಲೆಯ ಮುಂದೆ ಕುಳಿತು ಹಾತಿಮ್ ತಾಯಿಯ ಕತೆ ತೆಗೆಯುತ್ತಿದ್ದರು. ಅವರು ಹೇಳುತ್ತಿರುವಾಗಲೇ ಅಮ್ಮಿ ರೊಟ್ಟಿ ತಟ್ಟುತ್ತಾ, “ಅಲ್ಲಮ್ಮಾ, ಮೊದಲು ಬಂದದ್ದು ಕುದುರೆ” ಎಂದು ಬಾಯಿ ಹಾಕುವರು. ಮೂಲೆಯಿಂದ ಮಾಮು ನಗುವರು. ಹೊರಗೆ ಹಂಚಿನ ಮೇಲೆ ಮಳೆ ತನ್ನದೇ ಲಯದಲ್ಲಿ ಬಾರಿಸುತ್ತಿರುವುದು. ನಾಲ್ಕು ದನಿಗಳು, ಕತೆ ಒಂದೇ. ಪಾಶ್ಚಾತ್ಯ ಸಂಗೀತದಲ್ಲಿ ಏಕಕಾಲಕ್ಕೆ ಹಲವು ಎಳೆಗಳು ಹೆಣೆದುಕೊಳ್ಳುವುದನ್ನು ಯಾರಾದರೂ ವಿವರಿಸು ಎಂದರೆ ನಾನು ಈ ಅಡುಗೆಮನೆಯನ್ನು ತೋರಿಸುತ್ತೇನೆ. ಪಿಯಾನೋದಲ್ಲಿ ಗಮಕವಿಲ್ಲ, ಮೀಂಡ್ ಇಲ್ಲ. ಪುಟ್ಟ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಒಮ್ಮೆ ಹುಟ್ಟಿದ ಸ್ವರವನ್ನು ಬಾಗಿಸಲು ಬರುವುದಿಲ್ಲ, ಅದು ಕರಗುತ್ತಾ ಹೋಗುವುದಷ್ಟೆ. ಈ ಕೊರತೆಯನ್ನು ಮೆಟ್ನರ್ ತುಂಬುವುದು ಎಳೆಗಳ ಹೆಣಿಗೆಯಿಂದ. ಒಂದು ದನಿ ಕರಗುವಷ್ಟರಲ್ಲಿ ಇನ್ನೊಂದು ಅದರ ಮಾತನ್ನು ಎತ್ತಿಕೊಂಡಿರುತ್ತದೆ.

20ನೆಯ ಓಪಸ್‌ನಲ್ಲಿ ಎರಡು ಸ್ಕಾಜ್ಕಾಗಳಿವೆ. ಎರಡನೆಯದರ ಹೆಸರು ‘ಕಂಪನೆಲ್ಲಾ’, ಅಂದರೆ ಗಂಟೆ. ಎಡಗೈಯಲ್ಲಿ ಒಂದೇ ಇಳಿಯುವ ಸ್ವರಗುಂಪು ಬಿಡದೆ ಹೊಡೆಯುತ್ತದೆ. ಅದರ ಮೇಲೆ ಏನೇ ನಡೆದರೂ ಅದು ನಿಲ್ಲುವುದಿಲ್ಲ. ಇದು ಗಂಟೆಯನ್ನು ಕುರಿತ ಕತೆಯಲ್ಲ, ಗಂಟೆಯೇ ಹೇಳುವ ಕತೆ ಎಂಬುದು ಮೆಟ್ನರನ ವಿವರಣೆ. ಬರೆಯುವವರಿಗೆ ಇದೊಂದು ದೊಡ್ಡ ಪಾಠ. ನಾವು ಬಡವರನ್ನು ಕುರಿತು ಬರೆಯುತ್ತೇವೆ, ಹೆಂಗಸರನ್ನು ಕುರಿತು ಬರೆಯುತ್ತೇವೆ, ಮುಸ್ಲಿಮರನ್ನು ಕುರಿತು ಬರೆಯುತ್ತೇವೆ. ‘ಕುರಿತು’ ಬರೆದದ್ದು ಎಷ್ಟು ಚೆನ್ನಾಗಿದ್ದರೂ ಹೊರಗಿನದೇ. ಗಂಟೆಯ ಬಾಯಿಂದಲೇ ಕತೆ ಬರುವಂತೆ ಮಾಡುವುದು ಬೇರೆಯೇ ಕೆಲಸ. ಕೆಲವೇ ನಿಮಿಷಗಳ ಆ ತುಣುಕಿನಲ್ಲಿ ಆತ ಅದನ್ನು ಸಾಧಿಸಿದ್ದಾನೆ.

ಮೆಟ್ನರನ ರಚನೆಗಳಲ್ಲಿ ಒಂದನ್ನೇ ಕೇಳಲು ಬಿಡುವಿರುವವರಿಗೆ ನಾನು ಹೇಳುವುದು ‘ಸೊನಾಟಾ ರೆಮಿನಿಸೆಂಜಾ’. ನೆನಪಿನ ಸೊನಾಟಾ. ರಷ್ಯದ ಕ್ರಾಂತಿಯ ನಂತರದ ಕಷ್ಟದ ವರ್ಷಗಳಲ್ಲಿ ರೂಪುಗೊಂಡ ‘ಮರೆತ ರಾಗಗಳು’ ಎಂಬ ಗುಚ್ಛಗಳ ಮೊದಲ ಕೃತಿ ಇದು. ಸುಮಾರು ಕಾಲು ಗಂಟೆಯದು. ಶುರುವಿನಲ್ಲಿ ತೊಟ್ಟಿಕ್ಕುವ ನೀರಿನಂತೆ ಒಂದು ಸರಳ ಸ್ವರಮಾಲೆ ಬರುತ್ತದೆ. ಅದರಲ್ಲಿ ದುಃಖವೂ ಇಲ್ಲ, ಸುಖವೂ ಇಲ್ಲ. ಆಮೇಲೆ ನಿಜವಾದ ಕತೆ ಆರಂಭವಾಗುತ್ತದೆ. ಹಾಡಿನಂಥ ಭಾಗ, ತಳಮಳದ ಭಾಗ. ನಡುವೆ ಒಮ್ಮೆ ಮೊದಲಿನ ತೊಟ್ಟಿಕ್ಕುವ ಸ್ವರಮಾಲೆ ಮರಳುತ್ತದೆ. ಕಡೆಗೆ ಮತ್ತೊಮ್ಮೆ ಬರುತ್ತದೆ. ಸ್ವರಗಳು ಅವೇ, ಕೇಳುವ ನಾವು ಮಾತ್ರ ಅವರಲ್ಲ. ಊರು ಬಿಟ್ಟವನು ಹತ್ತು ವರ್ಷದ ಮೇಲೆ ಬಂದು ತನ್ನ ಮನೆಯ ಬಾಗಿಲ ಚಿಲಕ ಮುಟ್ಟಿದ ಹಾಗೆ. ಮೆಟ್ನರನಿಗೂ ಊರು ಬಿಡುವ ದಿನ ಹತ್ತಿರವಾಗಿತ್ತು. 1921ರಲ್ಲಿ ಆತ ರಷ್ಯ ಬಿಟ್ಟ. 1927ರಲ್ಲಿ ಕಚೇರಿಗಳಿಗೆಂದು ಒಮ್ಮೆ ಹೋಗಿಬಂದದ್ದನ್ನು ಬಿಟ್ಟರೆ ಮತ್ತೆ ಅಲ್ಲಿ ನೆಲೆಸಲಿಲ್ಲ.

ಮುಂದಿನದು ಅಲೆದಾಟದ ಕತೆ. ಜರ್ಮನಿ, ಫ್ರಾನ್ಸ್, 1930ರ ದಶಕದ ನಡುವಿನಿಂದ ಇಂಗ್ಲೆಂಡ್. ರಷ್ಯದಲ್ಲಿ ಆತನ ಮನೆತನ ಜರ್ಮನ್. ಜರ್ಮನಿಯಲ್ಲಿ ಆತ ರಷ್ಯನ್. ಇಂಗ್ಲೆಂಡಿನಲ್ಲಿ ಪರದೇಶಿ. ಎಲ್ಲಿ ಹೋದರೂ ‘ನೀನು ಎಲ್ಲಿಯವನು’ ಎಂಬ ಪ್ರಶ್ನೆ ಎದುರಾಗುವುದು ಏನೆಂದು ಈ ಪತ್ರಿಕೆಯ ಓದುಗರಲ್ಲಿ ಅನೇಕರಿಗೆ ವಿವರಿಸಬೇಕಾಗಿಲ್ಲ. ಆತನ ಪರವಾಗಿ ಸದಾ ನಿಂತವನು ಗೆಳೆಯ ರಕ್ಮಾನಿನಾಫ್. ಈ ಇಬ್ಬರೂ ಒಬ್ಬರಿಗೊಬ್ಬರು ಕಾನ್ಸರ್ಟೊ ಅರ್ಪಿಸಿಕೊಂಡವರು: ಮೆಟ್ನರನ ಎರಡನೆಯದು ರಕ್ಮಾನಿನಾಫನಿಗೆ, ರಕ್ಮಾನಿನಾಫನ ನಾಲ್ಕನೆಯದು ಮೆಟ್ನರನಿಗೆ. ಆದರೆ ರಕ್ಮಾನಿನಾಫನಿಗೆ ಜಗತ್ತೇ ಕಿವಿಗೊಟ್ಟಿತು. ಮೆಟ್ನರನಿಗೆ ಕಿವಿಗೊಟ್ಟವರು ಬೆರಳೆಣಿಕೆಯಷ್ಟು.

ಅದಕ್ಕೆ ಕಾರಣ ಜಗತ್ತಿನ ಕಿವುಡುತನ ಮಾತ್ರವಲ್ಲ. ಮೆಟ್ನರನಲ್ಲೂ ದೋಷವಿದೆ. ‘ರಾತ್ರಿಯ ಗಾಳಿ’ ಎಂಬ ಸೊನಾಟಾವನ್ನು ತೆಗೆದುಕೊಳ್ಳಿ. ತ್ಯುತ್ಚೆವ್ ಎಂಬ ಕವಿಯ ಕವಿತೆಯಿಂದ ಹುಟ್ಟಿದ್ದು, ಅರ್ಧ ಗಂಟೆಗೂ ಮೀರಿದ್ದು. ಆತನ ಅಭಿಮಾನಿಗಳಿಗೆ ಇದು ಶಿಖರ. ನನಗೆ ಇದರಲ್ಲಿ ದಾರಿ ತಪ್ಪುತ್ತದೆ. ಒಂದು ಎಳೆಯನ್ನು ಬಿಟ್ಟುಬಿಡುವುದು ಈ ಕತೆಗಾರನಿಗೆ ಗೊತ್ತಿಲ್ಲ. ಹೇಳಿದ್ದನ್ನೆಲ್ಲ ಮತ್ತೆ ಹೆಣೆಯಬೇಕು, ಎಲ್ಲದಕ್ಕೂ ಕಾರಣ ಕೊಡಬೇಕು. ರಕ್ಮಾನಿನಾಫ್ ಒಂದು ರಾಗವನ್ನು ನಮ್ಮ ಕೈಗಿಟ್ಟು ಸುಮ್ಮನಾಗುತ್ತಾನೆ. ಮೆಟ್ನರ್ ಕೊಟ್ಟ ಕೂಡಲೇ ಕಿತ್ತುಕೊಂಡು ಅದರ ಒಳಗನ್ನು ಬಿಚ್ಚಿ ತೋರಿಸತೊಡಗುತ್ತಾನೆ. ಸಣ್ಣ ರಚನೆಗಳಲ್ಲಿ ಈ ಗುಣವೇ ಬಿಗಿಯಾಗುತ್ತದೆ, ದೊಡ್ಡ ರಚನೆಗಳಲ್ಲಿ ಭಾರವಾಗುತ್ತದೆ. ಸಣ್ಣ ಕತೆಯಲ್ಲಿ ಗೆದ್ದು ಕಾದಂಬರಿಯಲ್ಲಿ ಸೋತ ಲೇಖಕರು ನಮ್ಮಲ್ಲೂ ಇದ್ದಾರೆ.

ಎರಡನೆಯ ದೋಷ ಇನ್ನೂ ಗಂಭೀರವಾದದ್ದು. 1935ರಲ್ಲಿ ಪ್ಯಾರಿಸಿನಲ್ಲಿ ರಕ್ಮಾನಿನಾಫನ ನೆರವಿನಿಂದ ಮೆಟ್ನರ್ ಒಂದು ಪುಸ್ತಕ ಪ್ರಕಟಿಸಿದ. ‘ಕಾವ್ಯದೇವತೆ ಮತ್ತು ಫ್ಯಾಷನ್’ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಸಂಗೀತಕ್ಕೆ ಬದಲಾಗದ ನಿಯಮಗಳಿವೆ, ಹೊಸಬರು ಅವನ್ನು ಮುರಿದು ಫ್ಯಾಷನ್ನಿನ ಹಿಂದೆ ಓಡುತ್ತಿದ್ದಾರೆ ಎಂಬುದು ಅದರ ವಾದ. ಫ್ಯಾಷನ್ನಿಗೆ ಮಣಿಯದ ಆತನ ಹಟವನ್ನು ಗೌರವಿಸುತ್ತೇನೆ. ಆದರೆ ಮುರಿದವರೆಲ್ಲ ಫ್ಯಾಷನ್ನಿಗಾಗಿ ಮುರಿದವರಲ್ಲ. ಒಂದು ಮಹಾಯುದ್ಧ ಕಂಡ ಯುರೋಪಿಗೆ ಹಳೆಯ ಸ್ವರಬಂಧ ಸುಳ್ಳೆನ್ನಿಸಿದ್ದರೆ ಅದಕ್ಕೂ ಕಾರಣವಿತ್ತು. ಕನ್ನಡದಲ್ಲಿ ನವ್ಯರು ಬಂದಾಗ, ಆಮೇಲೆ ದಲಿತ-ಬಂಡಾಯದವರು ಬಂದಾಗ, ಹಿರಿಯರು ಕೆಲವರು ಇದೇ ಧಾಟಿಯಲ್ಲಿ ಮಾತಾಡಿದರು. ಆ ಮಾತಿಗೆ ನಾವು ಅಂಜಿದ್ದರೆ ಎಷ್ಟೋ ದನಿಗಳು ಕನ್ನಡಕ್ಕೆ ಬರುತ್ತಲೇ ಇರಲಿಲ್ಲ. ಹಾಗಾಗಿ ಮೆಟ್ನರನ ಸಿದ್ಧಾಂತವನ್ನು ನಾನು ಒಪ್ಪಲಾರೆ. ಅದರಂತೆ ಆತ ಬದುಕಿದ ಪ್ರಾಮಾಣಿಕತೆಯನ್ನು ಅಲ್ಲಗಳೆಯಲಾರೆ.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಗಂಡಹೆಂಡತಿ ಶಿಷ್ಯೆಯೊಬ್ಬಳ ಆಸರೆಯಲ್ಲಿ ಹಳ್ಳಿಯಲ್ಲಿದ್ದರು. ಹೃದಯದ ಕಾಯಿಲೆ ಬಂತು. ಅದರ ನಡುವೆಯೇ ಮೂರನೆಯ ಕಾನ್ಸರ್ಟೊ ಮುಗಿಸಿ 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದ. ಲೆರ್ಮಂತೋವನ ‘ರುಸಾಲ್ಕಾ’ ಎಂಬ ನೀರಕನ್ಯೆಯ ಕವಿತೆಯಿಂದ ಹೊರಡುವ ಕೃತಿ ಅದು. ಮೂರು ಭಾಗಗಳನ್ನು ನಡುವೆ ನಿಲ್ಲಿಸದೆ ನುಡಿಸಬೇಕು. ಆರಂಭ ಹೊಳೆಯ ಮೇಲಿನ ಮಂಜಿನ ಹಾಗೆ ನಿಧಾನ. ಕಡೆಯ ಭಾಗ ನನ್ನ ಕಿವಿಗೆ ಸ್ವಲ್ಪ ಉದ್ದವೇ. ಆದರೆ ನಡುವೆ ಹಲವು ಕಡೆ ವಾದ್ಯವೃಂದ ಹಿಂದೆ ಸರಿದು ಪಿಯಾನೋ ಒಂದೇ ತನಗೆ ತಾನೇ ಹೇಳಿಕೊಳ್ಳುವಾಗ ಹಳೆಯ ಸ್ಕಾಜ್ಕಾಗಳ ಕತೆಗಾರ ಮತ್ತೆ ಸಿಗುತ್ತಾನೆ.

ಯುದ್ಧ ಮುಗಿದ ಮರುವರ್ಷ ಮೈಸೂರಿನಿಂದ ನೆರವು ಬಂತು. ಜಯಚಾಮರಾಜ ಒಡೆಯರು 1919ರಲ್ಲಿ ಹುಟ್ಟಿದವರು, 1940ರಲ್ಲಿ ಪಟ್ಟಕ್ಕೆ ಬಂದವರು. ಅರಸರಾಗದಿದ್ದರೆ ಪಿಯಾನೋ ವಾದಕರಾಗಬೇಕೆಂದು ಆಸೆಯಿದ್ದವರು. ಲಂಡನ್ನಿನ ಸಂಗೀತ ಸಂಸ್ಥೆಗಳ ಪರೀಕ್ಷೆಯಲ್ಲಿ ಪದವಿ ಪಡೆದವರು. ಅವರ ತಂಗಿ ವಿಜಯಾದೇವಿಯವರೂ ಪಿಯಾನೋ ಕಲಿತು ಮುಂದೆ 1974ರಲ್ಲಿ ಬೆಂಗಳೂರಿನಲ್ಲಿ ಸಂಗೀತ ಮತ್ತು ಕಲೆಗಳಿಗಾಗಿ ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿದರು. ಒಡೆಯರ ಸಂಗ್ರಹದಲ್ಲಿ ಸಾವಿರಾರು ಗ್ರಾಮಾಫೋನ್ ತಟ್ಟೆಗಳಿದ್ದವು. ಮೆಟ್ನರನ ಸಂಗೀತಕ್ಕೆ ಒಳ್ಳೆಯ ತಟ್ಟೆಗಳೇ ಇಲ್ಲವಲ್ಲ ಎಂಬುದು ಅವರ ಕೊರಗು. ಆಗಿನ ತಟ್ಟೆಯ ಒಂದು ಮುಖದಲ್ಲಿ ನಾಲ್ಕೂವರೆ ನಿಮಿಷದಷ್ಟು ಸಂಗೀತ ಹಿಡಿಯುತ್ತಿತ್ತು. ಅರ್ಧ ಗಂಟೆ ಮೀರುವ ಒಂದು ಕಾನ್ಸರ್ಟೊಗೆ ನಾಲ್ಕೈದು ತಟ್ಟೆ ಬೇಕು. ಮಾರಾಟವಾಗದ ರಚನಕಾರನಿಗೆ ಇಷ್ಟು ಖರ್ಚು ಮಾಡುವ ಕಂಪನಿ ಇರಲಿಲ್ಲ. ಆ ಖರ್ಚನ್ನು ಮೈಸೂರು ಹೊತ್ತಿತು. ಮೆಟ್ನರ್ ಸೊಸೈಟಿ ಎಂಬ ಹೆಸರಿನಲ್ಲಿ, ಎಚ್‌ಎಂವಿ ಕಂಪನಿಯ ಮೂಲಕ, ಮೂರೂ ಕಾನ್ಸರ್ಟೊಗಳು ಫಿಲ್‌ಹಾರ್ಮೊನಿಯಾ ವಾದ್ಯವೃಂದದೊಂದಿಗೆ 1947-48ರಲ್ಲಿ ಮುದ್ರಣವಾದವು. ನುಡಿಸಿದವನು ಅರವತ್ತೇಳರ ಮೆಟ್ನರ್. ಮುಂದೆ ಹಾಡುಗಳೂ ಸ್ಕಾಜ್ಕಾಗಳೂ ಬಂದವು.

ಅದೇ ವಾದ್ಯವೃಂದದ ಬೆನ್ನಿಗಿದ್ದ ಲಂಡನ್ನಿನ ಸಂಗೀತ ಸಂಘಕ್ಕೆ ಒಡೆಯರು 1948ರಲ್ಲಿ ಮೊದಲ ಅಧ್ಯಕ್ಷರಾದರು. ಜರ್ಮನ್ ರಚನಕಾರ ರಿಚರ್ಡ್ ಸ್ಟ್ರೌಸ್ ಸಾಯುವ ಮೊದಲು ಬರೆದ ನಾಲ್ಕು ಹಾಡುಗಳ ಮೊದಲ ಕಚೇರಿ 1950ರ ಮೇ 22ರಂದು ಲಂಡನ್ನಿನಲ್ಲಿ ನಡೆದಾಗ ನಷ್ಟಕ್ಕೆ ಹೊಣೆ ನಿಂತವರೂ ಅವರೇ. ಆ ವಾದ್ಯವೃಂದ ಕಟ್ಟಿದ ವಾಲ್ಟರ್ ಲೆಗ್ ಎಂಬಾತ ಬರೆದಿಟ್ಟ ಪ್ರಕಾರ ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡ್ ನೆರವನ್ನು ಒಡೆಯರು ಒಪ್ಪಿದ್ದರು. ಆಗಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 33 ಸಾವಿರ ರೂಪಾಯಿ.

ಇಲ್ಲಿ ನಾನು ಸುಮ್ಮನೆ ಹೆಮ್ಮೆಪಟ್ಟು ಮುಂದೆ ಹೋಗಲಾರೆ. 1947 ಎಂದರೆ ನಮ್ಮಲ್ಲಿ ‘ಮೈಸೂರು ಚಲೋ’ದ ವರ್ಷ. ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ಜನರ ಸರ್ಕಾರ ಇರಲಿಲ್ಲ. ಅದಕ್ಕಾಗಿ ಸೆಪ್ಟೆಂಬರಿನಲ್ಲಿ ಜನ ಬೀದಿಗಿಳಿದರು, ಜೈಲು ತುಂಬಿದರು, ಪ್ರಾಣ ಕೊಟ್ಟರು. ಅಕ್ಟೋಬರ್ ಕಡೆಯಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಆಗ ಕಡೂರು ಜಿಲ್ಲೆ ಎನ್ನಿಸಿಕೊಂಡಿದ್ದ ನಮ್ಮ ಕಡೆ ಮುಂಗಡ ಪಡೆದು ಮೇಸ್ತ್ರಿಯ ಹಿಂದೆ ಬಂದ ಕೂಲಿಯವರು ಮಲೇರಿಯಾದಲ್ಲಿ ನಡುಗುತ್ತಾ ಕಾಫಿ ಕುಯ್ಯುತ್ತಿದ್ದರು. ನನ್ನ ದಾದಾ ಎತ್ತಿನ ಗಾಡಿಯಲ್ಲಿ ಕಾಫಿ ಮೂಟೆ ಹೇರುತ್ತಿದ್ದರು. ಅರಮನೆಗೆ ಹಣ ಬರುತ್ತಿದ್ದದ್ದು ರಾಜ್ಯದ ಬೊಕ್ಕಸದಿಂದ, ಬೊಕ್ಕಸ ತುಂಬುತ್ತಿದ್ದದ್ದು ಇಂಥವರ ದುಡಿಮೆಯಿಂದ. ಆ ದುಡ್ಡಿನಲ್ಲಿ ಮಲೆನಾಡಿಗೆ ಒಂದೆರಡು ಆಸ್ಪತ್ರೆ ಆಗಬಹುದಿತ್ತಲ್ಲ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆ ಪ್ರಶ್ನೆ ನ್ಯಾಯವಾದದ್ದು.

ಆದರೆ ಅದೇ ಲೆಕ್ಕದಿಂದ ಇನ್ನೊಂದು ಮಾತೂ ಹೊರಡುತ್ತದೆ. ದುಡಿಮೆ ನಮ್ಮ ಹಿರಿಯರದಾದರೆ ಆ ಸಂಗೀತದಲ್ಲಿ ನಮಗೂ ಪಾಲಿದೆ. ಅದು ಅರಮನೆಯ ಆಸ್ತಿಯಲ್ಲ, ಲಂಡನ್ನಿನ ಆಸ್ತಿಯೂ ಅಲ್ಲ. ಮೆಟ್ನರನ ಬೆರಳುಗಳು ಇಂದು ಕೇಳಿಸುತ್ತಿರುವುದಕ್ಕೆ ಮೂಡಿಗೆರೆಯ ಕೂಲಿಯವನ ಬೆವರೂ ಒಂದು ಕಾರಣ. ಹಕ್ಕಿನಿಂದ ಕೂತು ಕೇಳಬಹುದು. ‘ಇದು ನಮ್ಮದಲ್ಲ’ ಎಂಬ ಮಾತು ಈಗ ಕಲೆಯ ವಿಷಯದಲ್ಲೂ ಬಹಳ ಸುಲಭವಾಗಿ ಬಾಯಿಗೆ ಬರುತ್ತಿದೆ. ಮೈಸೂರಿನ ಸಂಗೀತದ ಚರಿತ್ರೆ ಆ ಮಾತನ್ನು ಒಪ್ಪುವುದಿಲ್ಲ. ಫೈಯಾಜ್ ಖಾನರಿಗೆ ‘ಆಫ್ತಾಬ್-ಎ-ಮೌಸೀಕಿ’ ಎಂಬ ಬಿರುದು ಕೊಟ್ಟದ್ದು ಮೈಸೂರು. ಭಾರತದ ಗ್ರಾಮಾಫೋನಿನ ಮೊದಲ ತಾರೆ ಗೌಹರ್ ಜಾನ್ ಕಡೆಗಾಲದಲ್ಲಿ ಆಸರೆ ಪಡೆದು 1930ರಲ್ಲಿ ಕಣ್ಮುಚ್ಚಿದ್ದು ಮೈಸೂರಿನಲ್ಲಿ. ದೇವಿಯ ಮೇಲೆ ಸಂಸ್ಕೃತದಲ್ಲಿ ಕೃತಿ ರಚಿಸುತ್ತಿದ್ದ ವರ್ಷಗಳಲ್ಲೇ ಒಡೆಯರು ಮೆಟ್ನರನನ್ನು ಕೇಳುತ್ತಿದ್ದರು. ಒಂದು ಇನ್ನೊಂದಕ್ಕೆ ಅಡ್ಡ ಬರಲಿಲ್ಲ.

1950ರ ಜನವರಿಯಲ್ಲಿ ಗಣರಾಜ್ಯ ಬಂತು. ಮಹಾರಾಜರು ರಾಜಪ್ರಮುಖರಾದರು. ದೂರದ ಲಂಡನ್ನಿಗೆ ಹಣ ಹರಿಯುವ ಕಾಲ ಮುಗಿಯಿತು, ಅದು ಮುಗಿಯಬೇಕಾದದ್ದೇ. 1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ತೀರಿಕೊಂಡ. ಆಮೇಲೆ ಕೆಲವು ದಶಕ ಆತನನ್ನು ನೆನೆದವರು ಕಡಿಮೆ. ರಷ್ಯದಲ್ಲಿ ಎಮಿಲ್ ಗಿಲೆಲ್ಸ್‌ನಂಥವರು ‘ರೆಮಿನಿಸೆಂಜಾ’ ನುಡಿಸಿ ದೀಪ ಆರದಂತೆ ನೋಡಿಕೊಂಡರು. 1990ರ ದಶಕದಲ್ಲಿ ಕೆನಡಾದ ಮಾರ್ಕ್-ಆಂದ್ರೆ ಹಾಮ್ಲಾ 14 ಸೊನಾಟಾಗಳನ್ನೂ ನುಡಿಸಿ ಮುದ್ರಿಸಿದ ಮೇಲೆ ಹೊಸ ತಲೆಮಾರಿನ ವಾದಕರು ಆತನತ್ತ ಹೊರಳಿದ್ದಾರೆ. ಅವರಿಗೂ ಮೂಲ ಆಧಾರ ಆ ಹಳೆಯ ತಟ್ಟೆಗಳು. ಕರಕರ ಸದ್ದಿನ ಹಿಂದೆ ರಚನಕಾರ ತಾನೇ ಕುಳಿತು ನುಡಿಸುವುದು ಅವುಗಳಲ್ಲಿದೆ. ಹೊಸ ವಾದಕರು ಎಳೆಗಳನ್ನು ಸ್ಫಟಿಕದಂತೆ ಬಿಡಿಸಿ ತೋರಿಸುತ್ತಾರೆ. ಮುದುಕ ಹಾಗೆ ತೋರಿಸುವುದಿಲ್ಲ. ಮಾತಾಡುವವನ ಹಾಗೆ ಸ್ವರವನ್ನು ಅಲ್ಲಿ ತುಸು ತಡೆಯುತ್ತಾನೆ, ಇಲ್ಲಿ ತುಸು ಓಡಿಸುತ್ತಾನೆ. ಕತೆ ಹೇಳುವುದು ಎಂದರೆ ಏನೆಂದು ಅಲ್ಲಿ ಗೊತ್ತಾಗುತ್ತದೆ. ಅದನ್ನು ಉಳಿಸಿದ್ದು ಸಾರ್ಥಕವೇ ಎಂಬ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೌದು. ದೊಡ್ಡ ಸೊನಾಟಾಗಳನ್ನು ಬೇಕಾದರೆ ಚರ್ಚಿಸೋಣ. ಸ್ಕಾಜ್ಕಾಗಳಿಗೂ ‘ರೆಮಿನಿಸೆಂಜಾ’ಗೂ ಹೌದು.

ಹಗಲಲ್ಲಿ ಕಿಸ್ಸಾ ಹೇಳೆಂದು ಪೀಡಿಸಿದರೆ ನಾನಿ ಒಪ್ಪುತ್ತಿರಲಿಲ್ಲ. “ಹಗಲಲ್ಲಿ ಕತೆ ಹೇಳಿದರೆ ದಾರಿಯಲ್ಲಿರುವ ಮುಸಾಫಿರರು ದಾರಿ ತಪ್ಪುತ್ತಾರೆ ಮಗಾ” ಎನ್ನುತ್ತಿದ್ದರು. ಹೋದ ಮಳೆಗಾಲದಲ್ಲಿ ಮೂರು ದಿನ ನಮ್ಮಲ್ಲಿ ಕರೆಂಟ್ ಇರಲಿಲ್ಲ. ಒಂದು ರಾತ್ರಿ ಮೊಬೈಲಿನಲ್ಲಿ ಉಳಿದಿದ್ದ ಚಾರ್ಜಿನಲ್ಲಿ ‘ರೆಮಿನಿಸೆಂಜಾ’ ಹಾಕಿದೆ. ಹಂಚಿನ ಮೇಲಿನ ಮಳೆಗೂ ಆ ತೊಟ್ಟಿಕ್ಕುವ ಸ್ವರಗಳಿಗೂ ಹೆಚ್ಚು ಅಂತರವಿರಲಿಲ್ಲ. ಮಗಳು ಹಾಸಿಗೆಯಿಂದಲೇ, “ಅಬ್ಬಾ, ಇದರಲ್ಲಿ ಹಾಡೋರು ಯಾರೂ ಇಲ್ವಾ?” ಎಂದು ಕೇಳಿದಳು. “ಇಲ್ಲ, ಒಬ್ಬ ಅಜ್ಜ ಕತೆ ಹೇಳ್ತಿದ್ದಾನೆ” ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ಮುಗಿಯುವ ತನಕ ಎಚ್ಚರವಾಗಿಯೇ ಇದ್ದಳು.